ಕಲ್ಲಾಗುವ ಆಟ

ಆ ಮನೆಯಲ್ಲಿ ಒಂದು ಆಟವಿತ್ತು. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಗೊತ್ತಿರದ ಆಟ. ಬಾಗಿಲು ಬಡಿದ ಸದ್ದಾದ ಕೂಡಲೇ ಮಕ್ಕಳಿಬ್ಬರೂ ಎಲ್ಲಾದರೂ ಅಡಗಿ ಕಲ್ಲಾಗಿಬಿಡಬೇಕು. ಅಲುಗುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ನಗುವ ಹಾಗಂತೂ ಇಲ್ಲವೇ ಇಲ್ಲ. ಅಮ್ಮ ಬಂದು ತಲೆಯ ಮೇಲೆ ಕೈಯಿಟ್ಟ ಮೇಲೇ ಕಲ್ಲು ಮತ್ತೆ ಮಗುವಾಗುವುದು. ಕೊನೆಯವರೆಗೂ ಕಲ್ಲಾಗಿದ್ದವರಿಗೆ ಎರಡು ಬಿಸ್ಕತ್ತು, ಸೋತವರಿಗೆ ಒಂದು. ಆಟ ಕಟ್ಟಿದವಳು ಅಮ್ಮನೇ. ಕಟ್ಟಿದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಬಾಗಿಲು ಬಡಿಯುತ್ತಿದ್ದವನು ಫರ್ನಿಚರ್ ಅಂಗಡಿಯಿಂದ ಕಂತು ವಸೂಲಿಗೆ ಬರುವವನು. ಮೂರು ಮಹಡಿ ಹತ್ತಿ ಏದುಸಿರು ಬಿಟ್ಟುಕೊಂಡು ಬಂದರೂ ತಲೆಯ ಮೇಲಿನ ಹೆಲ್ಮೆಟ್ ತೆಗೆಯುತ್ತಿರಲಿಲ್ಲವಾದ್ದರಿಂದ ಮಕ್ಕಳು ಅವನಿಗೆ ಹೆಲ್ಮೆಟ್ ಮಾಮ ಎಂದು ಹೆಸರಿಟ್ಟಿದ್ದರು. ಅವನು ಒಂದು ದಿನವೂ ಬೈದವನಲ್ಲ. ಬಾಯಿತುಂಬ ಮರ್ಯಾದೆ ಕೊಡುತ್ತಲೇ ಮರ್ಯಾದೆ ತೆಗೆಯುವ ವಿದ್ಯೆ ಅವನಿಗೆ ಒಲಿದಿತ್ತು. "ಮೇಡಂ... ನಮಸ್ಕಾರ ಮೇಡಂ... ಕಂತು ಬಾಕೀ ಮೇಡಂ!" ಎಂದು ಹೆಲ್ಮೆಟ್ಟಿನೊಳಗಿಂದ ಅವನು ರಾಗ ಎಳೆದನೆಂದರೆ ಮೆಟ್ಟಿಲ ಉದ್ದಕ್ಕೂ ಒಂದೊಂದೇ ಬಾಗಿಲು ಬೆರಳಗಲ ತೆರೆದುಕೊಳ್ಳುತ್ತಿತ್ತು. ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮೂರು ವರ್ಷದ ಮಗನಿಗೆ ಮಾತ್ರ ಆ ರಾಗವೆಂದರೆ ಪ್ರಾಣ. ಅವನನ್ನು ಎಲ್ಲರೂ ಬಟಾಣಿ ಎನ್ನುತ್ತಿದ್ದರು. ಹುಟ್ಟಿದಾಗ ಅಷ್ಟೇ ಇದ್ದ. ಮನೆಯಲ್ಲಿ ಯಾರಾದರೂ ಬಚ್ಚಲಿಗೆ ಹೋದರೆ ಸಾಕು, ತಲೆಗೆ ಪಾತ್ರೆ ಕವುಚಿಕೊಂಡು ಬಂದು ಸೌಟಿನಿಂದ ಬಾಗಿಲು ಬಡಿದು, "ಮೇದಂ... ಕಂತು ಬಾಕೀ ಮೇದಂ!" ಎಂದು ಕೂಗುತ್ತಿದ್ದ. ಒಳಗಿನಿಂದ ಅಪ್ಪ, "ಮನೇಲಿ ಯಾರೂ ಇಲ್ಲ ಸಾರ್, ನಾಳೆ ಬನ್ನಿ" ಎಂದರೆ ಬಿದ್ದು ಬಿದ್ದು ನಗುತ್ತಿದ್ದ. ನಿಜವಾದ ಹೆಲ್ಮೆಟ್ ಮಾಮ ಬಂದಾಗಲೂ ಅದೇ ಕಥೆ. ರಾಗ ಶುರುವಾದ ಕೂಡಲೇ ಬಟಾಣಿಯ ಹೊಟ್ಟೆ ಕುಣಿಯತೊಡಗುತ್ತಿತ್ತು, ಮೂಗಿನಿಂದ ನಗು ಕಿಸಕ್ಕೆಂದು ಹೊರಗೆ ಬರುತ್ತಿತ್ತು. ಹಾಗಾಗಿ ಅವನಿಗೆ ಯಾವಾಗಲೂ ಒಂದೇ ಬಿಸ್ಕತ್ತು.

ಎರಡು ಬಿಸ್ಕತ್ತು ಅಕ್ಕನಿಗೆ. ಅವಳಿಗೆ ಆರು ವರ್ಷ, ಆದರೆ ಮನೆಯಲ್ಲಿ ಅವಳ ಪದವಿ ಟೀಚರಮ್ಮ. ಚಪ್ಪಲಿ ಸಾಲಾಗಿ ಬಿಡದಿದ್ದರೆ ಅಪ್ಪನನ್ನೂ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವವಳು. ಒಮ್ಮೆ ಒಂದು ನಿಯಮ ಅಂತ ಕಿವಿಗೆ ಬಿದ್ದರೆ ಮುಗಿಯಿತು, ಆಕಾಶ ಕಳಚಿ ಬಿದ್ದರೂ ಅವಳು ಅದನ್ನು ಬಿಡುವವಳಲ್ಲ. ಆಟದ ಹೊತ್ತಿನಲ್ಲಿ ತಮ್ಮನ ಬಾಯಿ ಮುಚ್ಚಿ ಹಿಡಿಯುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಳು.

ಸಾಲ ಶುರುವಾದದ್ದು ನಗುನಗುತ್ತಲೇ. ಟೀಚರಮ್ಮ ಹುಟ್ಟಿದಾಗ ಒಂದು ಪೆಟ್ಟಿಗೆ ಮಂಚ ತಂದರು. ಒಳಗೆಲ್ಲ ಟೊಳ್ಳು, ಕಾಲಿನ ಕಡೆ ಒಂದು ಪುಟ್ಟ ಬಾಗಿಲು, ಹಾಸಿಗೆ ಹೊದಿಕೆಯೆಲ್ಲ ಅದರೊಳಗೆ ತುರುಕಿಡಬಹುದು. ಒಂದೇ ಕೋಣೆಯ ಮನೆಗೆ ಹೇಳಿ ಮಾಡಿಸಿದ ಹಾಗಿತ್ತು. ಆ ಕಂತು ಸಲೀಸಾಗಿ ಹೋಗುತ್ತಿದ್ದುದು ನೋಡಿ ಧೈರ್ಯ ಬಂತು. ಬಟಾಣಿ ಹುಟ್ಟಿದ ಮೇಲೆ ಅದೇ ಅಂಗಡಿಯಿಂದ, ಅದೇ ಲೆಕ್ಕಕ್ಕೆ ಸೇರಿಸಿ, ಬಟ್ಟೆ ಒಗೆಯುವ ಮೆಷಿನ್ನು ಬಂತು, ಫ್ರಿಜ್ಜು ಬಂತು. ಅಪ್ಪ ಗಾಜಿನ ಅಂಗಡಿಯಲ್ಲಿ ಕೆಲಸಕ್ಕಿದ್ದ, ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು. ಕೈ ತುಂಬ ಕೆಲಸವಿತ್ತು. ಆಮೇಲೆ ಒಂದು ಮಧ್ಯಾಹ್ನ ದೊಡ್ಡದೊಂದು ಗಾಜು ಜಾರಿ ಅವನ ಬಲ ಮಣಿಕಟ್ಟಿನ ನರವನ್ನೇ ಕತ್ತರಿಸಿಕೊಂಡು ಹೋಯಿತು. ಕೈ ಕಟ್ಟಿಕೊಂಡು ಅವನು ತಿಂಗಳುಗಟ್ಟಲೆ ಮನೆಯಲ್ಲಿ ಕೂತ. ಕಂತು ಕಟ್ಟಲು ಕೈಸಾಲ ಮಾಡಿದರು, ಆ ಕೈಸಾಲಕ್ಕೆ ಇನ್ನೊಂದು ಕೈಸಾಲ.

ಅಮ್ಮ ಲಾಂಡ್ರಿಯೊಂದಕ್ಕೆ ಇಸ್ತ್ರಿಗೆ ಸೇರಿದಳು. ಹೊಟ್ಟೆ ಬಟ್ಟೆ ಕಟ್ಟಿ ಒಂದೊಂದೇ ಕೈಸಾಲ ತೀರಿಸಿದರು. ಹಾಲು ಅರ್ಧಕ್ಕಿಳಿಯಿತು. ಟೀಚರಮ್ಮನ ಶೂ ಚಿಕ್ಕದಾದಾಗ ಅಪ್ಪ ಅದರ ಮುಂದಿನ ತುದಿ ಕತ್ತರಿಸಿ, "ನೋಡು, ಬೆರಳಿಗೂ ಕಿಟಕಿ ಇಟ್ಟಿದೀನಿ" ಎಂದ. ಕೈ ಅರ್ಧ ವಾಸಿಯಾಗಿ ಅವನು ಈಗ ಅಳತೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ, ಅರ್ಧ ಸಂಬಳಕ್ಕೆ. ಉಳಿದದ್ದು ಫರ್ನಿಚರ್ ಅಂಗಡಿಯದೊಂದೇ. ಅದರಲ್ಲಿ ಮೂರು ಕಂತು ತಪ್ಪಿಹೋಗಿತ್ತು. ಇವತ್ತು ಮಧ್ಯಾಹ್ನದೊಳಗೆ ಆ ಮೂರನ್ನೂ ಕಟ್ಟದಿದ್ದರೆ ಟೆಂಪೊ ತಂದು ಮಂಚ, ಮೆಷಿನ್ನು, ಫ್ರಿಜ್ಜು ಎಲ್ಲ ಎತ್ತಿಕೊಂಡು ಹೋಗುತ್ತೇವೆಂದು ಹೆಲ್ಮೆಟ್ ಮಾಮ ಹೇಳಿಹೋಗಿದ್ದ. ಎತ್ತಿಕೊಂಡು ಹೋದರೆ ಇಷ್ಟು ವರ್ಷ ಕಟ್ಟಿದ್ದೆಲ್ಲ ನೀರಿಗೆ ಹಾಕಿದ ಹಾಗೆ.

ಬೆಳಿಗ್ಗೆ ಗಂಡ ಶೂ ಹಾಕಿಕೊಳ್ಳುತ್ತ, "ಹೋದ್ರೆ ಹೋಗ್ಲಿ ಬಿಡೇ ಮಂಚ. ನೆಲದ ಮೇಲೆ ಮಲಗಿದ್ರೆ ಬೆನ್ನು ನೆಟ್ಟಗಾಗುತ್ತೆ" ಎಂದಿದ್ದ.

"ಮಂಚ ಇಳಿಯೋದು ನೋಡೋಕೆ ಬಿಲ್ಡಿಂಗೇ ಮೆಟ್ಟಿಲ ಮೇಲೆ ನಿಂತಿರುತ್ತಲ್ಲ, ಆವಾಗ ನಿಮ್ಮ ಬೆನ್ನು ನೆಟ್ಟಗಿರುತ್ತಾ?" ಎಂದಳು ಅವಳು. ಅವನು ಮೆಟ್ಟಿಲಿಳಿದ. ಅವನ ಇವತ್ತಿನ ಕೆಲಸ ಊರಾಚೆಯ ಕಟ್ಟಡದಲ್ಲಿ. ಅಲ್ಲಿ ಫೋನೂ ಸಿಗುವುದಿಲ್ಲ.

ಅವಳು ಮಂಚದೊಳಗಿನದನ್ನೆಲ್ಲ ಹೊರಗೆಳೆದಳು. ದುಡ್ಡು ಹೊಂದದೆ ಟೆಂಪೊ ಬಂದೇಬಿಟ್ಟರೆ, ಹರಿದ ಕೌದಿ, ಮಕ್ಕಳ ಹಳೇ ಬಟ್ಟೆಯೆಲ್ಲ ಆ ಗಂಡಸರ ಕೈಗೆ ಸಿಗುವುದು ಬೇಡವಾಗಿತ್ತು. ಹೊದಿಕೆ, ದಿಂಬುಗಳನ್ನು ಮಂಚದ ಕಾಲಿನ ಪಕ್ಕ ಎದೆಮಟ್ಟ ಪೇರಿಸಿದಳು. ಕೆಲಸದ ಕಡೆ ಮುಂಗಡ ಕೇಳಿಕೊಂಡು ಓಡಿಬಂದುಬಿಡುವುದು ಅವಳ ಯೋಚನೆ. ಶಾಲೆಗೆ ರಜೆ. ದಿನವೂ ಮಕ್ಕಳ ಮೇಲೆ ಒಂದು ಕಣ್ಣಿಡುತ್ತಿದ್ದ ಎದುರುಮನೆ ಅಜ್ಜಿ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು.

"ಆಟ ನೆನಪಿದೆ ತಾನೇ?" ಎಂದಳು ಬಾಗಿಲಲ್ಲಿ ನಿಂತು.

"ಯಾರು ಬಡಿದ್ರೂ ಕಲ್ಲು" ಎಂದಳು ಟೀಚರಮ್ಮ ಕೈಕಟ್ಟಿಕೊಂಡು.

ಹೋದ ವಾರ ಹೆಲ್ಮೆಟ್ ಮಾಮ ಆಫೀಸಿನ ಹೆಂಗಸೊಬ್ಬಳನ್ನು ಕರೆತಂದಿದ್ದ. ಅವಳು ಬೆಣ್ಣೆಯಂಥ ದನಿಯಲ್ಲಿ, "ಪುಟ್ಟಾ, ನಾನು ಅಮ್ಮನ ಫ್ರೆಂಡು" ಎಂದದ್ದೇ ತಡ, ಬಟಾಣಿ ಓಡಿಹೋಗಿ, ಬೀಗ ಹಾಕಲು ಮರೆತಿದ್ದ ಬಾಗಿಲನ್ನು ಎಳೆದು ತೆಗೆದುಬಿಟ್ಟಿದ್ದ. ಅದು ನೆನಪಾಗಿ ಅಮ್ಮ ಇವತ್ತು ಹೊಸ ನಿಯಮವೊಂದನ್ನು ಸೇರಿಸಿದಳು.

"ಯಾರು ಎಷ್ಟೇ ಕರೆದ್ರೂ ಮಾತಾಡಬೇಡಿ. ಅಮ್ಮನ ಥರಾನೇ ಕೂಗಿದ್ರೂ ನಂಬಬೇಡಿ. ಅಮ್ಮನ ಥರಾನೇ ಅತ್ತರೂ ಮೋಸ ಹೋಗಬೇಡಿ. ತಲೆ ಮೇಲೆ ಕೈ ಬಿದ್ರೆ ಮಾತ್ರ ನಾನು ಅಂತ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದಳು ಟೀಚರಮ್ಮ. ಹೊಸ ನಿಯಮ ಸಿಕ್ಕ ಖುಷಿ ಅವಳ ಮುಖದಲ್ಲಿತ್ತು.

ಲಾಂಡ್ರಿಯ ಯಜಮಾನಿ ಕೆಟ್ಟವಳೇನಲ್ಲ, ಆದರೆ ಅವಳ ಕೈಯಿಂದ ಕಾಸು ಬಿಡಿಸುವುದು ಬಟ್ಟೆಯಿಂದ ಮಸಿ ಬಿಡಿಸಿದಷ್ಟೇ ಕಷ್ಟ. "ಮುಂಗಡನಾ? ಹೋಟೆಲಿನ ಬೆಡ್‌ಶೀಟು ಇನ್ನೂ ಗುಡ್ಡೆ ಬಿದ್ದಿದೆ. ಅದನ್ನ ಮುಗಿಸಿಕೊಡಮ್ಮ ಮೊದಲು, ಆಮೇಲೆ ನೋಡೋಣ" ಎಂದಳು. ಅಮ್ಮ ಹಲ್ಲು ಕಚ್ಚಿಕೊಂಡು ಇಸ್ತ್ರಿಗೆ ನಿಂತಳು. ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಶೀಟು ಮಡಿಸಿದರೆ ಗುಡ್ಡೆಯಲ್ಲಿ ಎರಡು ಹೆಚ್ಚಾದಂತೆ ಕಾಣುತ್ತಿತ್ತು. ಗೋಡೆಯ ಗಡಿಯಾರ ನೋಡಬಾರದೆಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು. ಅವಸರದಲ್ಲಿ ಕೈ ಸುಟ್ಟುಕೊಂಡಳು. ಬಾಯಿಗಿಟ್ಟುಕೊಂಡು ಊದಲಿಕ್ಕೂ ನಿಲ್ಲಲಿಲ್ಲ. ಕೊನೆಯ ಶೀಟು ಮಡಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಯಜಮಾನಿ ನೋಟುಗಳಿಗೆ ಎಂಜಲು ಹಚ್ಚಿ ಎರಡೆರಡು ಸಲ ಎಣಿಸಿ ಕೊಟ್ಟಳು. ಅಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಬೀದಿಯುದ್ದ ಓಡಿದಳು.

ಬಿಲ್ಡಿಂಗಿನ ಮುಂದೆ ಟೆಂಪೊ ನಿಂತೇಬಿಟ್ಟಿತ್ತು. ಅದರ ಡ್ರೈವರು ಹಗ್ಗ ಬಿಚ್ಚುತ್ತಿದ್ದ. ಹೆಲ್ಮೆಟ್ ಮಾಮ ಬೈಕಿಗೆ ಒರಗಿ ನಿಂತಿದ್ದ.

"ತಗೊಳ್ಳಿ" ಎಂದು ಅವಳು ದುಡ್ಡನ್ನು ಮುಂದೆ ಚಾಚಿದಳು. ಉಸಿರು ಹಿಡಿತಕ್ಕೆ ಸಿಗುತ್ತಿರಲಿಲ್ಲ. "ಮೂರು ಕಂತು. ಎಣಿಸ್ಕೊಳ್ಳಿ."

ಅವನು ಎಣಿಸಿಕೊಂಡ. ಡ್ರೈವರನ ಕಡೆ ನೋಡಿ ಬೇಡವೆಂದು ಕೈಯಾಡಿಸಿದ. ಡ್ರೈವರು ಗೊಣಗುತ್ತ ಹಗ್ಗ ಸುತ್ತತೊಡಗಿದ. ಅಮ್ಮನಿಗೆ ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಇನ್ನು ಮುಂದಿನ ಕಂತಿನವರೆಗೆ ಇವನ ಮುಂದೆ ತಲೆಯೆತ್ತಿ ನಿಲ್ಲಬಹುದು ಎನ್ನಿಸಿ, ತಲೆಯೆತ್ತಿಯೇ ನಿಂತಳು. ಅವನು ರಸೀದಿ ಬರೆದುಕೊಟ್ಟರೆ ತಾರೀಖು ಹಾಕಿಲ್ಲವೆಂದು ವಾಪಸ್ಸು ಕೊಟ್ಟಳು. ತಾರೀಖು ಹಾಕಿದರೆ ಸಹಿ ನೆಟ್ಟಗಿಲ್ಲವೆಂದಳು. ಅವನು ಬೇರೆ ಹಾಳೆ ತೆಗೆದು ಮೊದಲಿನಿಂದ ಬರೆದ. ಇಷ್ಟು ದಿನ ಅವನು ಕಾಯಿಸಿದ್ದಕ್ಕೆ ಇವತ್ತು ತಾನು ಕಾಯಿಸುತ್ತಿದ್ದೇನೆ ಎಂಬ ಸಣ್ಣ ಸುಖ ಅವಳಿಗೆ.

"ಮೇಲೆ ಹೋಗಿ ಬಂದೆ ಮೇಡಂ" ಎಂದ ಅವನು ಬರೆಯುತ್ತಲೇ. "ಆಗಲೇ ಹೋಗಿದ್ದೆ. ಒಂದು ಸಲ ಬಡಿದೆ. ಒಳಗೆ ಏನೋ ದೊಪ್ ಅಂತ ಬಿತ್ತು. ಆಮೇಲೆ ಗಪ್‌ಚುಪ್."

"ಬೆಕ್ಕಿರಬೇಕು."

"ಬೆಕ್ಕು ಸಾಕಿದೀರಾ?"

"ಹ್ಞೂಂ, ಎರಡು" ಎಂದಳು. ಹಾಗೆ ಹೇಳುವಾಗ ಅವಳಿಗೆ ನಗುವೂ ಬಂತು. ಮೂಲೆಯ ಅಂಗಡಿಗೆ ಹೋಗಿ, ಉಳಿದ ಚಿಲ್ಲರೆಗೆ ಇಡೀ ಪೊಟ್ಟಣ ಬಿಸ್ಕತ್ತು ಕೊಂಡು ಮೆಟ್ಟಿಲು ಹತ್ತಿದಳು.

ಕೀಲಿ ತಿರುಗಿಸಿ ಒಳಗೆ ಕಾಲಿಟ್ಟರೆ ಕೋಣೆ ಖಾಲಿ.

ಪೇರಿಸಿಟ್ಟಿದ್ದ ಹೊದಿಕೆಗಳು ಕುಸಿದು ಮಂಚದ ಕಾಲಿನ ಕಡೆಯೆಲ್ಲ ಹರಡಿಕೊಂಡಿದ್ದವು. ದೊಪ್ಪೆಂದು ಬಿದ್ದದ್ದು ಇದೇ ಎಂದುಕೊಂಡು ಅವಳು ನಕ್ಕಳು. "ಎಲ್ಲಪ್ಪಾ ನನ್ನ ಕಲ್ಲುಗಳು?" ಎಂದು ಪರದೆ ಸರಿಸಿದಳು. ಪರದೆಯ ಹಿಂದೆ ಇಲ್ಲ. ಮೇಜಿನ ಕೆಳಗೆ ಇಲ್ಲ. ಬಚ್ಚಲಲ್ಲಿ ಬಕೆಟ್ಟಿನ ಹಿಂದೆ ಇಲ್ಲ. ಹೊದಿಕೆಗಳ ರಾಶಿಯೊಳಗೆ ಕೈಹಾಕಿ ತಡಕಾಡಿದಳು, ಬರೀ ಬಟ್ಟೆ.

"ಆಟ ಮುಗೀತು ಕಣ್ರೋ. ಇಡೀ ಪೊಟ್ಟಣ ತಂದಿದೀನಿ, ಬನ್ನಿ."

ಸದ್ದಿಲ್ಲ. ಮುಂಬಾಗಿಲಿಗೆ ಒಳಗಿನಿಂದ ತಿರುಗಿಸುವ ಬೀಗ. ಸ್ಟೂಲು ಹತ್ತಿದರೆ ಟೀಚರಮ್ಮನಿಗೆ ಅದು ಎಟುಕುತ್ತದೆ. ಸ್ಟೂಲು ಬಾಗಿಲ ಹತ್ತಿರವೇ ಇತ್ತು. ಬೆಳಿಗ್ಗೆ ಎಲ್ಲಿತ್ತು? ನೆನಪಾಗಲಿಲ್ಲ. ಹಿಂದಿನ ಗ್ಯಾಲರಿಗೆ ಓಡಿದಳು. ಕಂಬಿಯ ಮೇಲೆ ಬಗ್ಗಿ ಕೆಳಗೆ ನೋಡುವ ಮುನ್ನ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಕೆಳಗೆ ನೀರಿನ ತೊಟ್ಟಿ, ಒಣಗಿದ ಕಸ, ಅಷ್ಟೇ. ಗ್ಯಾಲರಿಯ ಮೂಲೆಯಲ್ಲಿ ಬಟಾಣಿಯ ಒಂದು ಚಪ್ಪಲಿ ಇತ್ತು.

"ಪುಟ್ಟೀ! ಬಟಾಣೀ! ನಾನು ಕಣ್ರೋ, ಅಮ್ಮ! ನಿಜವಾದ ಅಮ್ಮ!"

ಹಾಗೆ ಕೂಗಿದ ಮೇಲೆ ಅವಳಿಗೆ ಬೆಳಿಗ್ಗೆ ತಾನೇ ಹೇಳಿದ್ದು ನೆನಪಾಯಿತು. ಅಮ್ಮನ ಥರಾನೇ ಕೂಗಿದ್ರೂ ನಂಬಬೇಡಿ.

ಅವಳು ಮೆಟ್ಟಿಲಿಳಿದದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಟೆಂಪೊ ಹೊರಟುಹೋಗಿತ್ತು. ಹೆಲ್ಮೆಟ್ ಮಾಮ ಬೈಕ್ ಸ್ಟಾರ್ಟ್ ಮಾಡುತ್ತಿದ್ದ. ಅವಳು ಅವನ ಅಂಗಿ ಹಿಡಿದು ಎಳೆದಳು.

"ನನ್ನ ಮಕ್ಕಳೆಲ್ಲಿ? ಯಾರ ಜೊತೆ ಕಳ್ಸಿದ್ರಿ? ಅವತ್ತು ಬಂದಿದ್ದಳಲ್ಲ, ಅವಳ ಜೊತೇನಾ?"

"ಯಾವ ಮಕ್ಕಳು ಮೇಡಂ? ಬೆಕ್ಕು ಅಂದ್ರಲ್ಲ..."

"ಬೆಕ್ಕಲ್ಲ, ನನ್ನ ಮಕ್ಕಳು! ಒಳಗೇ ಬಿಟ್ಟುಹೋಗಿದ್ದೆ. ಈಗಿಲ್ಲ!"

ಅವನ ಮುಖ ಬಿಳಿಚಿಕೊಂಡಿತು. "ನಾನು ಬಾಗಿಲು ಬಡಿದದ್ದು ಬಿಟ್ರೆ ಏನೂ ಮಾಡಿಲ್ಲ. ದೇವರಾಣೆ. ಈ ಗೇಟಿನ ಹತ್ರಾನೇ ನಿಂತಿದೀನಿ, ಒಂದು ನರಪಿಳ್ಳೆ ಹೊರಗೆ ಹೋಗಿಲ್ಲ. ಮಕ್ಕಳು ಮೇಲೇ ಇರ್ಬೇಕು, ಬನ್ನಿ ಬನ್ನಿ" ಎನ್ನುತ್ತ ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತಿದ.

ಅಷ್ಟೂ ಮಹಡಿಗಳ ಜನ ಹೊರಗೆ ಬಂದಿದ್ದರು. ಹೆಲ್ಮೆಟ್ ಮಾಮ ಮನೆಯೊಳಗೆ ಕಾಲಿಡುವಾಗ, ಯಾಕೋ ಏನೋ, ಹೆಲ್ಮೆಟ್ ತೆಗೆದ. ಒಳಗೆ ಬೆವರಿಗೆ ಅಂಟಿದ ಕೂದಲು, ಹಣೆಯಲ್ಲಿ ಹೆಲ್ಮೆಟ್ಟಿನ ಕೆಂಪು ಗೆರೆ; ಅಪಾಯವಿಲ್ಲದ ಒಂದು ಮುಖ. ಅವನು ಫ್ರಿಜ್ಜಿನ ಬಾಗಿಲು ಎಳೆದು ನೋಡಿದ, ಮೆಷಿನ್ನಿನ ಮುಚ್ಚಳ ಎತ್ತಿ ನೋಡಿದ. ಅವನು ಅಲ್ಲೆಲ್ಲ ನೋಡುತ್ತಿರುವುದು ಯಾಕೆಂದು ತಿಳಿದಾಗ ಅಮ್ಮನ ಜೀವ ಬಾಯಿಗೆ ಬಂತು.

"ಇನ್ನೊಂದು ಸಲ ಕರೀರಿ ಅಕ್ಕಾ" ಎಂದ. ಮೇಡಂ ಎನ್ನುವುದು ಅವನ ನಾಲಿಗೆಯಿಂದ ಬಿದ್ದುಹೋಗಿತ್ತು.

"ನಾನು ಕರೆದ್ರೆ ಬರಲ್ಲ ಅಣ್ಣಾ" ಎಂದು ಅವಳು ಅತ್ತುಬಿಟ್ಟಳು. "ನಾನೇ ಹೇಳಿಕೊಟ್ಟಿದೀನಿ. ನಿಮಗೆ ಹೆದರಿ. ಅಮ್ಮ ಕರೆದ್ರೂ ನಂಬಬೇಡಿ ಅಂದಿದೀನಿ. ಅತ್ತರೂ ನಂಬಬೇಡಿ ಅಂದಿದೀನಿ."

ಅವನು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆ ಹೆಲ್ಮೆಟ್ಟನ್ನೇ ನೋಡುತ್ತಿದ್ದ ಅವಳಿಗೆ ತಲೆಗೆ ಪಾತ್ರೆ ಕವುಚಿಕೊಂಡ ಬಟಾಣಿ ಕಣ್ಣಿಗೆ ಕಟ್ಟಿದ. ಮಗಳು ಸಾಯುವ ಹಾಗಾದರೂ ಬಾಯಿ ಬಿಡುವವಳಲ್ಲ. ಮಗ ಒಂದು ದಿನವಾದರೂ ಗೆದ್ದವನಲ್ಲ.

"ಕೂಗಿ" ಎಂದಳು.

"ಏನಂತ?"

"ದಿನಾ ಕೂಗ್ತೀರಲ್ಲ, ಅದನ್ನೇ. ನೀವು ಕೂಗಿದ್ರೆ ನನ್ನ ಮಗ ನಗ್ತಾನೆ. ತಡ್ಕೊಳ್ಳೋಕೆ ಆಗಲ್ಲ ಅವನಿಗೆ. ಕೂಗಿ ಅಣ್ಣಾ."

ಅವನು ಬಾಗಿಲಲ್ಲಿ ನಿಂತ ಜನರನ್ನು ನೋಡಿದ. ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಮೇಡಂ... ಕಂತು..." ಎಂದ. ದನಿ ಹೊರಡಲೇ ಇಲ್ಲ.

"ಹಾಗಲ್ಲ! ನನ್ನ ಮಾನ ಕಳೀತಿದ್ರಲ್ಲ, ಹಾಗೆ ಕೂಗಿ! ಬಿಲ್ಡಿಂಗಿಗೆಲ್ಲ ಕೇಳೋ ಹಾಗೆ! ಹೊರಗೆ ಹೋಗಿ, ಬಾಗಿಲು ಬಡೀರಿ. ಹೆಲ್ಮೆಟ್ ಹಾಕ್ಕೊಳ್ಳಿ, ಅದಿಲ್ದೆ ಆ ರಾಗ ಬರಲ್ಲ!"

ಅವಳು ಅವನನ್ನು ಹೊರಗೆ ನೂಕಿ ಬಾಗಿಲು ಹಾಕಿದಳು. ಬಾಗಿಲಿಗೆ ಬೆನ್ನು ಕೊಡಲಿಲ್ಲ ಈ ಸಲ. ಕೋಣೆಯ ನಡುವೆ ಮೊಣಕಾಲೂರಿ, ಬಾಯಿಗೆ ಸೆರಗು ಒತ್ತಿಕೊಂಡು, ಮೈಯೆಲ್ಲ ಕಿವಿಯಾಗಿ ಕೂತಳು. ಬಾಗಿಲು ಬಡಿದ ಸದ್ದಾಯಿತು.

"ಮೇಡಂ... ನಮಸ್ಕಾರ ಮೇಡಂ... ಕಂತು ಬಾಕೀ ಮೇಡಂ!"

ಮೆಟ್ಟಿಲ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಒಳಗೆ ನಲ್ಲಿಯಿಂದ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ.

"ಇನ್ನೂ ಜೋರಾಗಿ!"

"ಮೇಡಂ! ಕಂತು ಬಾಕೀ ಮೇಡಂ! ಮೂರೂ ಕಂತು ಬಾಕೀ ಮೇಡಂ!"

ಏನೂ ಇಲ್ಲ. ನಗದೇ ಇರುವವನಲ್ಲ ಅವನು. ನಗಲು ಆಗುತ್ತಿಲ್ಲವೆಂದರೆ ಏನರ್ಥ? ಆ ಯೋಚನೆಯನ್ನು ಅವಳು ಪೂರ್ತಿ ಮಾಡಲು ಹೋಗಲಿಲ್ಲ. "ಇನ್ನೊಂದು ಸಲ!" ಎಂದು ಕಿರುಚಿದಳು. ಹೊರಗೆ ಅವನು ಎರಡೂ ಕೈಯಿಂದ ಬಾಗಿಲು ಬಡಿಯುತ್ತ, ಅಳುತ್ತಿದ್ದಾನೋ ಕೂಗುತ್ತಿದ್ದಾನೋ ತಿಳಿಯದ ದನಿಯಲ್ಲಿ ರಾಗ ಎಳೆದ.

"ಮೇಡಮ್ಮ್... ಕಂತು ಬಾಕೀಈಈ ಮೇಡಂ!"

ಕಿಸಕ್.

ಮೂಗಿನಿಂದ ಬಂದ ಒಂದು ಸಣ್ಣ, ಸುಸ್ತಾದ ನಗು. ಮಂಚದ ಹೊಟ್ಟೆಯಿಂದ.

ಅವಳು ಹೊದಿಕೆಗಳನ್ನು ಎರಡೂ ಕೈಯಿಂದ ಬಾಚಿ ಎಸೆದಳು. ಆ ರಾಶಿಯ ಹಿಂದೆ ಮಂಚದ ಪುಟ್ಟ ಬಾಗಿಲು ಬಿಗಿಯಾಗಿ ಮುಚ್ಚಿತ್ತು. ಇಷ್ಟು ವರ್ಷ ಆ ಪೆಟ್ಟಿಗೆ ಹೊದಿಕೆ ತುಂಬಿಕೊಂಡೇ ಇದ್ದದ್ದು. ಅದರೊಳಗೆ ಜಾಗವಿರಬಹುದೆಂದು, ಬೆಳಿಗ್ಗೆ ತಾನೇ ಅದನ್ನು ಖಾಲಿ ಮಾಡಿದ್ದರೂ, ಅವಳಿಗೆ ಹೊಳೆದಿರಲಿಲ್ಲ. ಮಕ್ಕಳು ಒಳಗೆ ನುಸುಳಿ ಬಾಗಿಲೆಳೆದುಕೊಂಡ ರಭಸಕ್ಕೆ ಹೊರಗಿನ ರಾಶಿ ಕುಸಿದು ಬಿದ್ದು ಸಂದುಗೊಂದು ಮುಚ್ಚಿಬಿಟ್ಟಿತ್ತು. ಅದರ ಹಿಡಿ ಹೊರಗಷ್ಟೇ ಇರುವುದು. ಎಳೆದಳು. ಬರಲಿಲ್ಲ. ಮಂಚಕ್ಕೆ ಕಾಲು ಕೊಟ್ಟು ಎಳೆದಾಗ ಹಿಡಿಯ ಸಮೇತ ಬಾಗಿಲು ಕಿತ್ತುಬಂತು, ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು.

ಬಟಾಣಿ ಅಕ್ಕನ ತೊಡೆಯ ಮೇಲೆ ಜೋತುಬಿದ್ದಿದ್ದ. ಮುಖ ಕೆಂಪಗೆ, ತುಟಿ ಒಣಗಿ, ಕಣ್ಣು ಅರೆಮುಚ್ಚಿದ್ದವು. ಅವನ ಬಾಯಿಯ ಮೇಲೆ ಅಕ್ಕನ ಅಂಗೈ ಒತ್ತಿಕೊಂಡಿತ್ತು. ಅಮ್ಮ ಆ ಕೈಯನ್ನು ಕಿತ್ತು, ಅವನನ್ನು ಹೊರಗೆಳೆದು ಬೆನ್ನು ತಟ್ಟಿದಳು. ಒಳಗೆ ಬಂದಿದ್ದ ಹೆಲ್ಮೆಟ್ ಮಾಮ ಎಡವುತ್ತ ಓಡಿಹೋಗಿ ಚೊಂಬಿನಲ್ಲಿ ನೀರು ತಂದು ಅವನ ತಲೆಗೆ ಸುರಿದ. ಬಟಾಣಿ ಒಮ್ಮೆ ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ, ಆಮೇಲೆ ಇಡೀ ಬಿಲ್ಡಿಂಗ್ ಕೇಳುವ ಹಾಗೆ ಬಾಯಿ ತೆರೆದು ಅತ್ತ. ಆ ಅಳು ಕೇಳಿ ಮೆಟ್ಟಿಲ ಮೇಲಿನ ಹೆಂಗಸರೂ ಅತ್ತರು.

ಟೀಚರಮ್ಮ ಮಾತ್ರ ಹೊರಗೆ ಬರಲಿಲ್ಲ. ಪೆಟ್ಟಿಗೆಯೊಳಗೆ ಮೊಣಕಾಲು ಅಪ್ಪಿ ಕೂತೇ ಇದ್ದಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಕೂದಲಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬೆಳಕು ಬಿದ್ದರೂ, ತಮ್ಮ ಅತ್ತರೂ, ಅಷ್ಟು ಜನರ ಗದ್ದಲವಾದರೂ ಅಲುಗಲಿಲ್ಲ. ಅಮ್ಮನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಒಳಗೆ ಬಾಗಿ, ಕೈಯನ್ನು ಮಗಳ ತಲೆಯ ಮೇಲಿಟ್ಟಳು.

ಟೀಚರಮ್ಮ ಉದ್ದಕ್ಕೆ ಉಸಿರು ಬಿಟ್ಟು ಕಣ್ಣು ತೆರೆದಳು.

"ಬಟಾಣಿ ನಕ್ಕ" ಎಂದಳು ಒಣಗಿದ ದನಿಯಲ್ಲಿ. "ನಾನು ನಗಲಿಲ್ಲ. ನೀನು ಕರೆದಿದ್ದು ಕೇಳಿಸ್ತಮ್ಮ. ನೀನು ಅತ್ತಿದ್ದೂ ಕೇಳಿಸ್ತು. ಆದ್ರೂ ನಾನು ಮೋಸ ಹೋಗ್ಲಿಲ್ಲ."

ಅಮ್ಮ ಅವಳನ್ನು ಎಳೆದು ಅಪ್ಪಿಕೊಂಡಳು. ಎರಡೇಟು ಹಾಕಬೇಕೆನ್ನಿಸಿತು, ಯಾರಿಗೆಂದು ಗೊತ್ತಾಗಲಿಲ್ಲ. ಮಂಚ ಉಳಿಸಿಕೊಳ್ಳಲು ಓಡಿಹೋದವಳು ತಾನು, ಆ ಮಂಚದೊಳಗೇ ಮಕ್ಕಳನ್ನು ಮಣ್ಣು ಮಾಡುತ್ತಿದ್ದೆನಲ್ಲ ಎಂದುಕೊಂಡಳು. ಕೆಳಗೆ ತಾರೀಖು, ಸಹಿ ಎಂದು ಆಡಿಸುತ್ತ ನಿಂತಿದ್ದು ನೆನಪಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಬಟಾಣಿನೇ ಗೆದ್ದಿದ್ದು ಕಣೇ" ಎಂದಳು ಅಳುತ್ತಲೇ. "ನಕ್ಕವರೇ ಗೆದ್ದ ಹಾಗೆ."

"ಹಾಗಂತ ರೂಲ್ಸ್ ಇಲ್ಲ" ಎಂದಳು ಟೀಚರಮ್ಮ. "ಮೊದಲೇ ಹೇಳ್ಬೇಕಿತ್ತು ನೀನು." ಅಷ್ಟು ಹೇಳಿ ಅವಳೂ ಅಳತೊಡಗಿದಳು. ಹೆಲ್ಮೆಟ್ ಮಾಮ ಕಿತ್ತುಬಂದ ಪುಟ್ಟ ಬಾಗಿಲನ್ನು ಗೋಡೆಗೆ ಒರಗಿಸಿಟ್ಟು ಇಳಿದುಹೋದ.

ಆ ಬಾಗಿಲನ್ನು ಮತ್ತೆ ಕೂರಿಸಲಿಲ್ಲ. ಗಂಡ ಎಲ್ಲ ಕೇಳಿ, ಮರುದಿನ ಮಂಚದ ಎರಡೂ ಪಕ್ಕದ ಹಲಗೆಗೆ ಎಡಗೈಯಲ್ಲೇ ತೂತು ಕೊರೆದ. ಆಟ ಇನ್ನಿಲ್ಲವೆಂದು ಅಪ್ಪ ಅಮ್ಮ ಮಕ್ಕಳನ್ನು ಕೂರಿಸಿಕೊಂಡು ಹೇಳಿದರು. ಬಟಾಣಿ ಅದನ್ನು ಸಂಜೆಯೊಳಗೆ ಮರೆತ. ಟೀಚರಮ್ಮ ತಲೆಯಾಡಿಸಿದಳು, ಆದರೆ ಯಾರೇ ಬಾಗಿಲು ಬಡಿದರೂ, ಹಾಲಿನವನಿರಲಿ, ಎದುರುಮನೆ ಅಜ್ಜಿಯಿರಲಿ, ಅವಳು ನಿಂತಲ್ಲೇ ಕಲ್ಲಾಗುತ್ತಿದ್ದಳು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ತಲೆ ಮುಟ್ಟಬೇಕಿತ್ತು.

ಮುಂದಿನ ಕಂತಿನ ದಿನ ಬಂತು. ದುಡ್ಡು ಹೊಂದಿರಲಿಲ್ಲ. ಮುಂಗಡ ತೆಗೆದದ್ದನ್ನು ಯಜಮಾನಿ ಸಂಬಳದಲ್ಲಿ ಮುರಿದುಕೊಂಡಿದ್ದಳು. ಸಾಯಂಕಾಲ ಬಾಗಿಲ ಮೇಲೆ ಸದ್ದಾಯಿತು, ಮೆಲ್ಲಗೆ, ಒಂದೇ ಬೆರಳಿನದು. ಕೂಗು ಬರಲಿಲ್ಲ. ಟೀಚರಮ್ಮ ಮೇಜಿನ ಕೆಳಗೆ ನುಸುಳಿ ಮೊಣಕಾಲು ಅಪ್ಪಿಕೊಂಡಳು.

ಅಮ್ಮನ ಕಾಲು ಹಳೇ ರೂಢಿಗೆ ನೆಲಕ್ಕೆ ಅಂಟಿತು. ಬಾಗಿಲಿಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದರೆ ಇವನೂ ಹೋಗಿಬಿಡುತ್ತಾನೆ, ಇವತ್ತಿನ ಮಟ್ಟಿಗೆ ಮಾನ ಉಳಿಯುತ್ತದೆ. ಅವಳು ಮೇಜಿನ ಕೆಳಗೆ ನೋಡಿದಳು. ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದಳು.

ಹೆಲ್ಮೆಟ್ ಮಾಮ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅವಳು ಮೇಜಿನ ಬಳಿಗೆ ಬಂದು, ಬಾಗಿ, ಮಗಳ ತಲೆಯ ಮೇಲೆ ಕೈಯಿಟ್ಟಳು. ಕೈ ತೆಗೆಯದೆ, ಕೆಳಗಿನ ಮಹಡಿಗೂ ಕೇಳಿಸುವ ದನಿಯಲ್ಲಿ ಹೇಳಿದಳು.

"ಕಂತಿಗೆ ದುಡ್ಡು ಇನ್ನೂ ಹೊಂದಿಲ್ಲ ಅಣ್ಣ. ನಮ್ಮೆಜಮಾನರಿಗೆ ಶನಿವಾರ ಸಂಬಳ. ಶನಿವಾರ ಬನ್ನಿ, ಮನೇಲೇ ಇರ್ತೀವಿ."

ಮೆಟ್ಟಿಲ ಕಡೆ ಯಾವುದೋ ಬಾಗಿಲು ಬೆರಳಗಲ ತೆರೆದ ಸದ್ದಾಯಿತು. ಆಗಲಿ ಎಂದುಕೊಂಡಳು.

"ಆಯ್ತಕ್ಕ, ಶನಿವಾರ" ಎಂದ ಅವನು. "ಒಂದು ಲೋಟ ನೀರು ಸಿಗುತ್ತಾ? ಮೂರು ಮಹಡಿ."

ಅವನು ಹೊಸ್ತಿಲು ದಾಟಲು ಕಾಲೆತ್ತಿದ. ತಲೆಗೆ ಪಾತ್ರೆ ಕವುಚಿಕೊಂಡು ಓಡಿಬಂದ ಬಟಾಣಿ, "ಕೂಗು ಮಾಮ!" ಎಂದು ಅವನ ಪ್ಯಾಂಟು ಜಗ್ಗಿದ. ಅಮ್ಮನ ಅಂಗೈಯ ಕೆಳಗೆ ಮಗಳ ತಲೆ ಇನ್ನೂ ಬಿಗಿಯಾಗಿಯೇ ಇತ್ತು. ಅದು ನಿಧಾನಕ್ಕೆ ಹೊರಳಿತು. ಟೀಚರಮ್ಮ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು, ಆಮೇಲೆ ಇನ್ನೊಂದು.

"ಮಾಮ" ಎಂದಳು ಮೇಜಿನ ಕೆಳಗಿನಿಂದಲೇ. "ಶೂ ಹೊರಗೆ ಬಿಡಿ. ಸಾಲಾಗಿ."

ಅವನು ಎತ್ತಿದ ಕಾಲು ಹಿಂದಕ್ಕಿಟ್ಟು, ಬಗ್ಗಿ ಶೂ ಬಿಚ್ಚತೊಡಗಿದ.